ಅಯ್ಯನವರ ಅಂಗಾಲು

"ಕಣ್ಣು ಮುಚ್ರಿ ಅಯ್ಯಾರ. ನಾ ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ, ಇಲ್ಲಾಂದ್ರ ಸುಮ್ನಿರ್ರಿ."

ದೊಡ್ಡಬಸಯ್ಯನವರು ಕಣ್ಣು ಮುಚ್ಚಿದರು. ನರ್ಸ್ ಖುಷ್ಬೂ ಕೈಯಲ್ಲಿ ಪ್ಲಾಸ್ಟಿಕ್ ಹಿಡಿಗೆ ಸಿಕ್ಕಿಸಿದ ಒಂದು ಗಿಡ್ಡ ನೈಲಾನ್ ಎಳೆ ಇತ್ತು. ಅದರ ತುದಿಯನ್ನು ಅವರ ಬಲಗಾಲಿನ ಹೆಬ್ಬೆರಳಿಗೆ ಒತ್ತಿದಳು. "ಹೂಂ." ಬಲ ಅಂಗಾಲಿಗೆ ಒತ್ತಿದಳು. "ಹೂಂ." ಎಡಗಾಲಿಗೆ ಬಂದಾಗ ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತಳು. "ಹೂಂ," ಅಂದರು ಅಯ್ಯನವರು. ಆಮೇಲೆ ಎಳೆ ಬಾಗುವ ಹಾಗೆ ನಾಲ್ಕು ಕಡೆ ಒತ್ತಿದಳು. ಅಯ್ಯನವರು ತುಟಿ ಬಿಚ್ಚಲಿಲ್ಲ.

ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಎರ್ರಮ್ಮನಿಗೆ ಮೊದಲು ನಗು ಬಂತು. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಪರೀಕ್ಷೆಯಲ್ಲಿ ಹೀಗೆ ಬುರುಡೆ ಬಿಡುವುದೇ ಎಂದು.

"ಅಯ್ಯಾರ, ನೀವು ಹೂಂ ಅಂದಾಗ ನಾ ಮುಟ್ಟೇ ಇರಲಿಲ್ಲ."

ಅಯ್ಯನವರು ಕಣ್ಣು ಬಿಟ್ಟು, ಸಿಕ್ಕಿಬಿದ್ದ ಖುಷಿಯಲ್ಲೇ ನಕ್ಕರು. "ಎಡಗಾಲಿಗೆ ಏನೂ ತಿಳಿಯಂಗಿಲ್ಲ ತಾಯಿ. ಎರಡು ವರ್ಷ ಆತು. ನಡಿಯುವಾಗ ಚಪ್ಪಲಿ ಕಳಚಿ ಹೋದ್ರ, ಹಿಂದ ಬರೋರು ಕೂಗಿ ಹೇಳಬೇಕು, ಹಂಗಾಗೈತಿ."

ಎರ್ರಮ್ಮನ ನಗು ಅಲ್ಲೇ ನಿಂತಿತು. ಎರಡು ವರ್ಷ. ಆ ಎರಡು ವರ್ಷವೂ ಅವಳು ದಿನಾ ಕಾಲು ಹೇಗಿದೆ ಎಂದು ಕೇಳಿದ್ದಾಳೆ, ಅವರು ದಿನಾ "ಗಟ್ಟಿ ಅದಾವ" ಎಂದಿದ್ದಾರೆ. ಹೆಂಡತಿಗೆ ಹೇಳದ ಮಾತನ್ನು ಬಳ್ಳಾರಿ ಗಾಂಧಿನಗರದ ಈ ಕ್ಲಿನಿಕ್ಕಿನಲ್ಲಿ, ಬಂದು ಹತ್ತು ನಿಮಿಷವಾಗಿಲ್ಲ, ಒಂದು ಹುಡುಗಿಗೆ ನಕ್ಕೊಂಡು ಹೇಳಿಬಿಟ್ಟರು.

ಕುರುಗೋಡಿನ ಈ ಅಯ್ಯನವರ ಪಾದ ಬೇರೆಯವರ ಕೈ ಕಾಣದ್ದೇನಲ್ಲ. ಗೃಹಪ್ರವೇಶ, ತೊಟ್ಟಿಲು, ಶ್ರಾವಣದ ಸೋಮವಾರ ಎಂದು ಅವರನ್ನು ಕರೆದೊಯ್ದು ಪಾದಪೂಜೆ ಮಾಡಿದ ಮನೆಗಳು ಕುರುಗೋಡಿನಿಂದ ಸಿರುಗುಪ್ಪದವರೆಗೂ ಇವೆ. ಆ ಕೈಗಳ ಮೇಲೆ ಎರ್ರಮ್ಮನಿಗೆ ಎಂದೂ ಹೊಟ್ಟೆಕಿಚ್ಚು ಆಗಿರಲಿಲ್ಲ. ಅವರು ಪೂಜಿಸುತ್ತಿದ್ದದ್ದು ಅಯ್ಯನವರ ಪಾದ. ತನ್ನ ಗಂಡನ ಕಾಲನ್ನಲ್ಲ. ಮೇಲಿನಿಂದ ನೀರು ಹಾಕಿ, ವಿಭೂತಿ ಬಳಿದು, ಪತ್ರಿ ಏರಿಸಿ, ಹಣೆ ಮುಟ್ಟಿಸಿ ಎದ್ದುಹೋಗುತ್ತಿದ್ದರು. ಕಾಲೆತ್ತಿ ಅಂಗಾಲು ನೋಡಿದವರು ಒಬ್ಬರೂ ಇರಲಿಲ್ಲ. ಈ ಹುಡುಗಿ ನೋಡಿದಳು. ತೊಡೆಯ ಮೇಲೆ ಕಾಲಿಟ್ಟುಕೊಂಡು, ಟಾರ್ಚು ಬಿಟ್ಟು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಅಯ್ಯನವರು ಎಣ್ಣೆ ನೀರು ಹಾಕಿಸಿಕೊಳ್ಳುವ ಕೂಸಿನ ಹಾಗೆ ಕಾಲು ಬಿಟ್ಟುಕೊಟ್ಟು ಕೂತಿದ್ದರು.

"ಅಮ್ಮಾರ, ನೀವೂ ಕೇಳಿಸ್ಕೊರಿ," ಎಂದಳು ಖುಷ್ಬೂ. "ಶುಗರ್ ಇದ್ದವರ ಕಾಲಿಗೆ ಮುಳ್ಳು ಚುಚ್ಚಿದ್ರೂ ತಿಳಿಯಂಗಿಲ್ಲ. ಬರಿಗಾಲಾಗ ಒಂದು ಹೆಜ್ಜಿನೂ ಬ್ಯಾಡ, ಮನ್ಯಾಗೂ ಬ್ಯಾಡ. ಚಪ್ಪಲಿ ಹಾಕ್ಕೊಳ್ಳೂ ಮುಂಚೆ ಒಳಗ ಕೈಯಾಡಿಸಿ ನೋಡ್ರಿ. ತೊಳದ ಮ್ಯಾಲ ಬೆರಳ ಸಂದಿ ಒರಸ್ರಿ. ಹಿಮ್ಮಡಕ್ಕ ಎಣ್ಣಿ ಹಚ್ರಿ, ಸಂದಿಗೆ ಬ್ಯಾಡ. ಬಿಸಿನೀರಾಗ ಮಾತ್ರ ಕಾಲು ಇಡಿಸಬ್ಯಾಡ್ರಿ. ಉಗುರುಬೆಚ್ಚಗಿದ್ರ ಸಾಕು. ಮೊಣಕೈ ಅದ್ದಿ ನೋಡಿ ಆಮ್ಯಾಲ ಹಾಕ್ರಿ, ಕೂಸಿಗೆ ಎರಿಯಾಕ ನೋಡ್ತೀವಲ್ಲ, ಹಂಗ."

ಎರ್ರಮ್ಮ ತಲೆಯಾಡಿಸಿದಳು. ಇಬ್ಬರು ಹೆಣ್ಣುಮಕ್ಕಳನ್ನು ಎರೆದು ಬೆಳೆಸಿ ಗಂಡನ ಮನೆಗೆ ಕಳಿಸಿದವಳಿಗೆ, ಕೊರಳಲ್ಲಿ ತಾಳಿಯಿರಲಿ, ಕರಿಮಣಿಯೂ ಇಲ್ಲದ ಹುಡುಗಿ ನೀರಿನ ಪಾಠ ಹೇಳುತ್ತಿದ್ದಾಳೆ ಎಂದುಕೊಂಡಳು.

ಊರಿಗೆ ಮರಳುವಾಗ ಬ್ರೂಸ್‌ಪೇಟೆಯಲ್ಲಿ ಮೆತ್ತನೆಯ ಅಟ್ಟೆಯ ಚಪ್ಪಲಿ ಕೊಂಡರು. ಖುಷ್ಬೂ ಅಯ್ಯನವರನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಕೊಟ್ಟಿದ್ದಳು. ಅಯ್ಯನವರು ಅಂಗಡಿಯ ನೆಲದ ಮೇಲೆ ಕಾಗದ ಹಾಸಿ, ಒಂದೊಂದು ಚಪ್ಪಲಿಯನ್ನೂ ಅದರ ಮೇಲಿಟ್ಟು ಅಳೆದು, ಎಲ್ಲೂ ಬಿಗಿಯಾಗದ್ದನ್ನು ಆರಿಸಿದರು. ಬಿಗಿ ಚಪ್ಪಲಿ ಬೇಡ ಎಂದು ಎರ್ರಮ್ಮ ಮದುವೆಯಾದಾಗಿನಿಂದ ಬಡಕೊಂಡಿದ್ದಾಳೆ. ಅದಕ್ಕೆ ಅವರು ಯಾವತ್ತೂ ಕಿವಿಗೊಟ್ಟವರಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಮಂತ್ರ ಶುರುವಾಯಿತು. "ಖುಷ್ಬವ್ವ ಹೇಳ್ಯಾಳ." ಹುಡುಗಿಯ ಹೆಸರಿಗೆ ಒಂದು ಅವ್ವ ಸೇರಿಸಿ ಮನೆಮಗಳನ್ನಾಗಿ ಮಾಡಿಕೊಂಡಿದ್ದರು. ಉಗುರು ನೇರಕ್ಕೆ ಕತ್ತರಿಸಬೇಕು, ಖುಷ್ಬವ್ವ ಹೇಳ್ಯಾಳ. ಕಾಲುಚೀಲ ದಿನಾ ಒಗೆದದ್ದೇ ಆಗಬೇಕು, ಖುಷ್ಬವ್ವ ಹೇಳ್ಯಾಳ. ಸಂಜೆ ಜಗುಲಿಯಲ್ಲಿ ಕೂತು, ನೆಲಕ್ಕೆ ಕೈಗನ್ನಡಿ ಇಟ್ಟು, ಅದರ ಮೇಲೆ ಕಾಲು ಎತ್ತಿಹಿಡಿದು ಅಂಗಾಲು ನೋಡಿಕೊಳ್ಳುವರು. ಭಾನುವಾರಕ್ಕೊಮ್ಮೆ ಎರಡೂ ಅಂಗಾಲುಗಳ ಫೋಟೋ ತೆಗೆದು ಅವಳಿಗೆ ವಾಟ್ಸಾಪ್ ಮಾಡುವರು. ಅವಳು ಹೆಬ್ಬೆರಳು ಎತ್ತಿದ ಗುರುತು ಕಳಿಸಿದರೆ ಇವರ ಮುಖ ಅರಳುತ್ತಿತ್ತು. ಒಂದು ದಿನ ಎರ್ರಮ್ಮ ಆ ಫೋನು ತೆಗೆದು ನೋಡಿದಳು. ಹತ್ತೊಂಬತ್ತು ಫೋಟೋ ಅಂಗಾಲಿನವೇ ಇದ್ದವು. ತನ್ನದು ಒಂದೂ ಇರಲಿಲ್ಲ. ಹೊಟ್ಟೆ ಉರಿಯಿತು. ಅರವತ್ತರ ಹತ್ತಿರ ಬಂದ ಗಂಡ, ಮಗಳ ವಯಸ್ಸಿನ ಹುಡುಗಿ. ತಪ್ಪು ಏನೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಉರಿಯಿತು.

ಮಾಘದ ಚಳಿ. ಸಿರುಗುಪ್ಪದ ವಿರೂಪಾಕ್ಷಪ್ಪನೆಂಬ ಭಕ್ತನ ಹೊಸಮನೆ ಪೂಜೆ ಮುಗಿಸಿ ಅಯ್ಯನವರು ಸಂಜೆಯ ಬಸ್ಸಿಗೆ ಬಂದಿಳಿದರು. ಬೆಳಗಿನಿಂದ ನಿಂತು ಕಾಲು ಊದಿದ್ದವು.

"ಕುಂದರ್ರಿ, ಕಾಲು ನಾ ತೊಳಿತೀನಿ," ಎಂದಳು ಎರ್ರಮ್ಮ.

"ನಾನ ತೊಳ್ಕೊಂತೀನಿ ಬಿಡು. ಖುಷ್ಬವ್ವ..."

"ಊರ ಹೆಣ್ಮಕ್ಕಳೆಲ್ಲ ತೊಳೀಬೌದು, ಬಳ್ಳಾರಿ ಹುಡುಗಿ ತೊಡಿ ಮ್ಯಾಲ ಇಟ್ಕೊಬೌದು, ನಾ ಮುಟ್ಟಿದ್ರ ಸವೀತಾವೇನು?"

ಅಯ್ಯನವರು ಕೂತರು. ಎರ್ರಮ್ಮ ಬಚ್ಚಲ ಹಂಡೆಯಿಂದ ಬೋಗುಣಿಗೆ ನೀರು ತೋಡಿದಳು, ಅವಳ ತಾಯಿ ಮಾಡುತ್ತಿದ್ದ ಹಾಗೆ ಹಿಡಿ ಉಪ್ಪು ಹಾಕಿದಳು. ಮೊಣಕೈ ಮಾತು ನೆನಪಾಯಿತು. ನೆನಪಾದದ್ದಕ್ಕೇ ಅದ್ದಲಿಲ್ಲ. ಅಂಗೈ ಮುಳುಗಿಸಿ ನೋಡಿದಳು, ಬೆಚ್ಚಗೆನಿಸಿತು. ಮೂವತ್ತು ವರ್ಷ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿಹಾಕಿದ ಅಂಗೈ ಅದು. ಅದಕ್ಕೆ ಯಾವ ನೀರೂ ಬೆಚ್ಚಗೇ.

ಬೋಗುಣಿ ಸಣ್ಣದು, ಒಮ್ಮೆಗೆ ಒಂದೇ ಕಾಲು ಹಿಡಿಯುತ್ತಿತ್ತು. ಮೊದಲು ಎಡಗಾಲು ಇಡಿಸಿದಳು. "ಬಿಸಿ ಆತೇನ್ರಿ?"

"ಇಲ್ಲ. ಹಿತ ಐತಿ."

ಇನ್ನೊಂದು ತಂಬಿಗೆ ಹಾಕಿದಳು. ಆ ಕಾಲು ಗಂಟೆ ಎರ್ರಮ್ಮನಿಗೆ ಬಹಳ ಸುಖವಾಗಿತ್ತು. ಹಿಮ್ಮಡ ತಿಕ್ಕಿದಳು, ಕಿರಿಬೆರಳು ಒಳಕ್ಕೆ ಸೊಟ್ಟಗಿರುವುದನ್ನು ಮೊದಲ ಸಲ ಕಂಡು ನಕ್ಕಳು, ಸೆರಗಿನಿಂದಲೇ ಒರೆಸಿದಳು. ಬಲಗಾಲಿನ ಸರದಿ ಬರುವ ಹೊತ್ತಿಗೆ ನೀರು ಆರಿತ್ತು. ಅಯ್ಯನವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು.

ಮರುದಿನ ಮಧ್ಯಾಹ್ನ ಅವರು ಉಂಡು ಮಲಗಿದ್ದಾಗ ಎರ್ರಮ್ಮ ಕಾಲುಚೀಲ ಸರಿಸಿ ನೋಡಿದಳು. ಎಡಪಾದ ಕೆಂಪಾಗಿತ್ತು. ಕಿರಿಬೆರಳಿನ ಬುಡದಲ್ಲಿ ಒಂದು, ಅಂಗಾಲಿನ ಅಂಚಿಗೆ ಒಂದು, ಎರಡು ಬೊಬ್ಬೆ ಎದ್ದಿದ್ದವು. ತಾನು ಎಂಥ ಕೆಲಸ ಮಾಡಿದೆ ಎಂದುಕೊಂಡಳು. ಆದರೆ ಅದಕ್ಕೂ ಮುಂಚೆ ಮನಸ್ಸಿಗೆ ಬಂದದ್ದು, ಇದು ಆ ಹುಡುಗಿಗೆ ತಿಳಿಯಬಾರದು ಎಂಬುದು.

ಕೊಬ್ಬರಿ ಎಣ್ಣೆ ಸವರಿದಳು. ಸಂಜೆ ಅಯ್ಯನವರು ಕನ್ನಡಿ ಹುಡುಕಿದಾಗ ಅದು ಅವಳ ಕೈಯಲ್ಲಿತ್ತು. "ಬಗ್ಗಿ ಬಗ್ಗಿ ನಡ ಮುರ್ಕೊಂತೀರಿ. ಇನ್ನ ಮ್ಯಾಲ ನಾ ನೋಡ್ತೀನಿ."

"ಏನೈತಿ?"

"ಏನಿಲ್ಲ. ಚಂದ ಐತಿ."

ಅಯ್ಯನವರು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕಾಲುಚೀಲಕ್ಕೆ ಕಾಲು ಚಾಚಿದರು. ಮಾರನೇ ದಿನವೂ ಅದೇ ಮಾತಾಯಿತು. ಭಾನುವಾರ ಫೋಟೋ ತಾನೇ ಕಳಿಸುತ್ತೇನೆಂದು ಫೋನು ಇಸಿದುಕೊಂಡು ಕಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅಯ್ಯನವರು ಪೂಜೆಗೆ ಕೂತಿದ್ದಾಗ ಫೋನು ಬಂತು, ಎರ್ರಮ್ಮ ಎತ್ತಿ ಹಲೋ ಎಂದಳು. "ಅಮ್ಮಾರ, ನಾನ್ರಿ ಖುಷ್ಬೂ. ಈ ವಾರ ಫೋಟೋ ಬರಲಿಲ್ಲ. ಅಯ್ಯಾರ ಕಾಲು ಹೆಂಗೈತ್ರಿ?"

"ಛಲೋ ಐತಿ," ಎಂದಿತು ಎರ್ರಮ್ಮನ ಬಾಯಿ.

"ನೀವು ನೋಡೀರಲ್ಲ?"

"ದಿನಾ ನೋಡ್ತೀನಿ."

"ಹಂಗಾದ್ರ ನನಗ ಚಿಂತಿಲ್ಲ ಬಿಡ್ರಿ. ಅಯ್ಯಾರ ಮಾತು ಅಷ್ಟ ಆಗಿದ್ರ ನಾ ನಂಬತಿರಲಿಲ್ಲ. ನಮ್ಮ ಅಬ್ಬಾನೂ ಹಿಂಗ ಇದ್ದ. ಏನಿಲ್ಲ, ಏನಿಲ್ಲ ಅಂತ ಒಂದು ವಾರ ಮುಚ್ಚಿಟ್ಟ. ಮೊಣಕಾಲ ಮಟ ತೆಗಿಬೇಕಾತು."

ಎರ್ರಮ್ಮ ಫೋನು ಇಟ್ಟಳು. ಏನಿಲ್ಲ ಎಂಬ ಮಾತನ್ನು ಇಲ್ಲಿ ಹೇಳಿದವರು ಅಯ್ಯನವರಲ್ಲ. ಪೂಜೆ ಮುಗಿಯುವವರೆಗೂ ಕಾಯದೆ ಒಳಗೆ ಹೋಗಿ, ಮಡಚಿದ ಅವರ ಕಾಲನ್ನು ಎಳೆದು ನೋಡಿದಳು. ಅಂಗಾಲಿನ ಬೊಬ್ಬೆ ಒಡೆದಿತ್ತು. ಕಿರಿಬೆರಳು ಬಣ್ಣಗೆಟ್ಟು, ವಾಸನೆ ಬರುತ್ತಿತ್ತು.

"ಏಳ್ರಿ. ಬಳ್ಳಾರಿಗೆ ಹೋಗೂನು."

ಯಾಕೆ ಎಂದು ಅಯ್ಯನವರು ಕೇಳಲಿಲ್ಲ. ಬಸ್ಸಿನಲ್ಲಿ ಎರ್ರಮ್ಮ ಅವರ ಕಾಲನ್ನು ತನ್ನ ಚೀಲದ ಮೇಲೆ ಇಡಿಸಿಕೊಂಡಳು, ಯಾರ ಕಾಲೂ ತಾಗಬಾರದೆಂದು. ದಾರಿಯುದ್ದಕ್ಕೂ ಅವಳ ಮನಸ್ಸು ಎರಡಾಗಿತ್ತು. ಕಾಲು ಉಳಿದರೆ ಸಾಕು ಎಂದು ಒಂದು ಮನಸ್ಸು ದೇವರಿಗೆ ಕೈ ಮುಗಿಯುತ್ತಿತ್ತು. ಉಳಿಸುವವಳು ಮತ್ತೆ ಆ ಹುಡುಗಿಯೇ ಆಗುತ್ತಾಳಲ್ಲ ಎಂದು ಇನ್ನೊಂದು ಮನಸ್ಸು ಕುದಿಯುತ್ತಿತ್ತು.

ಖುಷ್ಬೂ ಕಾಲುಚೀಲವನ್ನು ಕತ್ತರಿಯಿಂದ ಕತ್ತರಿಸಿ ತೆಗೆದಳು. ಮುಖದ ನಗು ಹೋಯಿತು. "ಸುಟ್ಟ ಗಾಯ ಇದು. ಎಲ್ಲಿ ಸುಟ್ಕೊಂಡ್ರಿ ಅಯ್ಯಾರ?"

"ಸಿರುಗುಪ್ಪದಾಗ ತಾಯಿ," ಎಂದರು ಅಯ್ಯನವರು ತಡವರಿಸದೆ. "ಪಾದಪೂಜಿ ನೀರು ಒಂಚೂರು ಬಿಸಿ ಇತ್ತು ಅಂತ ಕಾಣತೈತಿ."

ಎರ್ರಮ್ಮ ಗಂಡನ ಮುಖ ನೋಡಿದಳು. ಹಾಗಾದರೆ ಇವರಿಗೆ ಗೊತ್ತಿತ್ತು. ಕನ್ನಡಿ ಯಾಕೆ ಕಿತ್ತುಕೊಂಡಳು, ಫೋಟೋ ಯಾಕೆ ಹೋಗಲಿಲ್ಲ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದರು. ಹಿತ ಐತಿ ಎಂದದ್ದೂ ತನ್ನ ಮನಸ್ಸು ನೋಯಬಾರದೆಂದೇ. ಮೂವತ್ತು ವರ್ಷವೂ ಇಷ್ಟೇ ನಡೆದದ್ದು: ಗಟ್ಟಿ ಅದಾವ, ಹಿತ ಐತಿ, ಏನಿಲ್ಲ. ನಿಜ ಹೊರಗಿನವರಿಗೆ, ಸಿಹಿ ಮನೆಯವಳಿಗೆ. ಈ ಸುಳ್ಳಿನಲ್ಲಿ ಎಷ್ಟು ಪ್ರೀತಿ ಇದೆ ಎಂದು ಅವಳಿಗೆ ತಿಳಿಯಿತು. ತಿಳಿದೇ ಅದು ಬೇಡವೆನಿಸಿತು.

"ಸಿರುಗುಪ್ಪದಾಗಲ್ಲ," ಎಂದಳು. "ನಮ್ಮ ಮನ್ಯಾಗ. ನಾನ ಹಾಕಿದ ನೀರು. ನೀ ಮೊಣಕೈ ಅಂದಿದ್ದಿ ಅಂತ ಬೇಕಂತನ ಅದ್ದಲಿಲ್ಲ. ಮುಂಜಾನಿ ಫೋನಿನಾಗೂ ಸುಳ್ಳು ಹೇಳಿದೆ."

ಖುಷ್ಬೂ ಬಯ್ಯುತ್ತಾಳೆಂದು ಕಾದಳು. ಬಯ್ದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳೇನೋ. "ಎಷ್ಟು ದಿನ ಆತ್ರಿ?" ಎಂದಷ್ಟೇ ಕೇಳಿದಳು ಹುಡುಗಿ.

"ನಾಕು."

"ಡಾಕ್ಟರ್ ಬರಲಿ. ಪಾದಕ್ಕ ಭಯ ಇಲ್ಲ ಅನಸ್ತೈತಿ, ಕಿರಿಬೆರಳಿಂದು ಮಾತ್ರ ಈಗ ಏನೂ ಹೇಳಾಕಾಗಲ್ಲ." ಹತ್ತಿ, ಔಷಧಿ ಜೋಡಿಸಿಕೊಂಡು ಕತ್ತೆತ್ತಿದಳು. "ಒಬ್ಬಾಕಿ ಕೈಲೆ ಆಗಂಗಿಲ್ಲ. ಕೈ ತೊಳ್ಕೊಂಡು ಬಂದು ಕಾಲು ಹಿಡ್ಕೊರಿ ಅಮ್ಮಾರ."

ಎರ್ರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಖುಷ್ಬೂ ಅವಳ ಮಡಿಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಯ್ಯನವರ ಕಾಲನ್ನು ಎತ್ತಿ ಅದರ ಮೇಲಿಟ್ಟಳು. ಸತ್ತ ಚರ್ಮವನ್ನು ಇಕ್ಕಳದಿಂದ ಬಿಡಿಸತೊಡಗಿದಳು. ಎರ್ರಮ್ಮನ ಕಣ್ಣಲ್ಲಿ ನೀರು ಬಂತು. ಅಯ್ಯನವರ ಕಾಲು ಅಲುಗಲಿಲ್ಲ.

"ನಾ ಹಿಡದಿದ್ದು ಗೊತ್ತಾಗತೈತೇನ್ರಿ?"

ಅಯ್ಯನವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ, ಬಂದ ಮಾತನ್ನು ನುಂಗಿದರು.

"ಇಲ್ಲ," ಎಂದರು.

ಎರ್ರಮ್ಮ ಒಂದು ಕೈಯನ್ನು ಹಿಮ್ಮಡದಲ್ಲೇ ಬಿಟ್ಟು, ಇನ್ನೊಂದನ್ನು ಕಾಲಗಿಣ್ಣಿನ ಮೇಲೆ ತಂದಳು. "ಇಲ್ಲಿ?"

"ಇಲ್ಲ ಎರ್ರಿ."

ಕೈ ಇನ್ನೂ ಮೇಲೆ ಸರಿಯಿತು. "ಇಲ್ಲಿ?"

ಅಯ್ಯನವರು ತಲೆಯಲ್ಲಾಡಿಸಿದರು. ಅವಳು ಮತ್ತೆ ನಾಲ್ಕು ಬೆರಳು ಮೇಲಕ್ಕೆ, ಮೀನಖಂಡದ ಹತ್ತಿರ ಅಂಗೈ ಊರಿದಳು.

"ಇಲ್ಲಿ ಗೊತ್ತಾಗತೈತಿ," ಎಂದರು. "ನಿನ್ನ ಕೈ ತಣ್ಣಗೈತಿ."

ಖುಷ್ಬೂ ಇನ್ನೊಂದು ಹತ್ತಿಯ ಉಂಡೆಯನ್ನು ಔಷಧಿಯಲ್ಲಿ ಅದ್ದಿದಳು. ಎರ್ರಮ್ಮ ಕೈಯನ್ನು ಅಲ್ಲಿಂದ ಕದಲಿಸಲಿಲ್ಲ.