ಕಾಯಿ ಕಚ್ಚದ ಕುಂಬಳದ ಬಳ್ಳಿ

ಟೈಲರಕ್ಕನ ಹಿತ್ತಿಲಿನ ಕುಂಬಳದ ಬಳ್ಳಿ ಆ ಸಲ ಗೋಡೆ ಹತ್ತಿ ಆಚೆಗೂ ಇಳಿದಿತ್ತು. ಮೊರದಗಲ ಎಲೆ, ಬೆಳಗಾದರೆ ಬಳ್ಳಿಯ ತುಂಬ ಹಳದಿ ಹೂವು. ಆದರೆ ಒಂದು ಕಾಯಿಯೂ ನಿಲ್ಲಲಿಲ್ಲ. ಗೋಲಿಯಷ್ಟು ಹೀಚು ಕಾಣಿಸಿಕೊಂಡು, ಹಳದಿಗಟ್ಟಿ, ಮುಟ್ಟಿದರೆ ಕಳಚಿ ಬೀಳುತ್ತಿತ್ತು.

ಅವಳ ಗಂಡ ಲಾರಿ ಡ್ರೈವರು. ಮೂಗಿನ ತುದಿಯಲ್ಲೇ ಕೋಪ. ಕಳಪೆ ಬೀಜ ಕೊಟ್ಟು ಟೋಪಿ ಹಾಕಿದ್ದಾನೆಂದು ಬೀಜದಂಗಡಿಯವನ ಮೇಲೆ ಬೀದಿಗೆ ಕೇಳುವಂತೆ ಹರಿಹಾಯ್ದು ಬಂದ.

ಪಕ್ಕದ ಮನೆಯ ನರ್ಸಮ್ಮನಿಗೆ ಇದು ಸರಿಕಾಣಲಿಲ್ಲ. ಅವಳ ಬಳ್ಳಿಯದೂ ಅದೇ ಗತಿ. ಗೋಡೆಯ ಮೇಲಿಂದ ಬಗ್ಗಿ ಕೇಳಿದಳು: "ಬೀಜದ ತಪ್ಪಲ್ಲ ಅಣ್ಣ. ನಿಮ್ಮ ಹಿತ್ತಿಲಲ್ಲಿ ಜೇನ್ನೊಣ ನೋಡಿ ಎಷ್ಟು ದಿನ ಆಯ್ತು?"

ಹೂವು ಬಿಟ್ಟ ಮೇಲೆ ಕಾಯಿ ತಾನಾಗೇ ಆಗುತ್ತದೆ, ಕಚ್ಚುವ ನೊಣಕ್ಕೆ ಇಲ್ಲೇನು ಕೆಲಸ ಎಂದು ಅವನು ನಕ್ಕುಬಿಟ್ಟ.

ಆ ನಗು ಕೇಳಿ ಟೈಲರಕ್ಕನ ಮೈ ಉರಿಯಿತು. ಬಿತ್ತನೆಗೆ ಮುಂಚೆ ಅವಳು ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಹಿತ್ತಿಲು ಬಯಲಾಗಿತ್ತು. ಗಾಡಿ ನಿಲ್ಲಿಸಲು ಜಾಗ ಬೇಕೆಂದು ಅವನು ನುಗ್ಗೆಮರ ಉರುಳಿಸಿ, ಸೀಬೆಗಿಡ ಕಿತ್ತು, ಗೋಡೆ ಬದಿಯ ಕಾಮಕಸ್ತೂರಿಯನ್ನೂ ಬಿಡದೆ ಕಸಕ್ಕೆಸೆದು, ಬಳ್ಳಿಗೊಂದು ಮೂಲೆ ಬಿಟ್ಟು ಉಳಿದದ್ದಕ್ಕೆಲ್ಲ ಸಿಮೆಂಟು ಬಳಿಸಿದ್ದ. ಜಗಳ ಯಾಕೆಂದು ಅವಳು ಅಂದು ನುಂಗಿಕೊಂಡಿದ್ದಳು. ಈಗ ತಡೆಯಲಾಗಲಿಲ್ಲ.

"ಅಂಗಡಿಯವರನ್ನ ಬೈದು ಬಂದ್ರಲ್ಲ, ಮರ ಕಡಿದಿದ್ದು ಅವರಾ? ಅರಳಿದ ಹೂವಿನ ಮೇಲೆ ಬೆಳಿಗ್ಗೇನೇ ಹುಳದ ಔಷಧಿ ಹೊಡೆದಿದ್ದು ಅವರಾ? ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"



ನರ್ಸಮ್ಮ ಒಳಬಂದು ಬಳ್ಳಿ ಹಿಡಿದು ತೋರಿಸಿದಳು. ಉದ್ದ ತೊಟ್ಟಿನದು ಗಂಡು ಹೂವು. ಬುಡದಲ್ಲಿ ಪುಟ್ಟ ಕಾಯಿ ಹೊತ್ತಿರುವುದು ಹೆಣ್ಣು ಹೂವು. ಗಂಡಿನ ಪುಡಿ ಹೆಣ್ಣಿಗೆ ತಲುಪಬೇಕು, ತಲುಪಿಸುವುದು ಜೇನ್ನೊಣ. ಹೂಮರ ಕಡಿದು ಹೂವಿಗೆ ಔಷಧಿ ಹೊಡೆದರೆ ಅದು ಬರುವುದಿಲ್ಲ, ಬರದಿದ್ದರೆ ಹೀಚು ಉದುರುತ್ತದೆ.

ಟೈಲರಕ್ಕ ಆಗಷ್ಟೇ ಅರಳಿದ ಗಂಡು ಹೂವು ಕಿತ್ತು, ಅದರ ಪುಡಿಯನ್ನು ಒಂದು ಹೆಣ್ಣು ಹೂವಿಗೆ ಸವರಿ, ಗುರುತಿಗೆ ಕೆಂಪು ದಾರ ಸಡಿಲವಾಗಿ ಕಟ್ಟಿದಳು. ಹೂವಿಗೆ ಮದುವೆ ಮಾಡಿಸುತ್ತಿದ್ದೀರಾ ಎಂದು ಅವನು ಗೇಲಿ ಮಾಡಿದ.

ವಾರ ಕಳೆಯಿತು. ಉಳಿದ ಹೀಚೆಲ್ಲ ಉದುರಿತ್ತು. ದಾರ ಕಟ್ಟಿದ್ದು ಮಾತ್ರ ಮುಷ್ಟಿ ಗಾತ್ರಕ್ಕೆ ಬಲಿತು ಮಿರಮಿರ ಮಿಂಚುತ್ತಿತ್ತು. ಡ್ರೈವರು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೆಂಪು ದಾರ ಮುಟ್ಟಿ ನೋಡಿದ.

"ನನ್ನಿಂದ ನರ್ಸಮ್ಮನ ಬಳ್ಳೀನೂ ಹಾಳಾಯ್ತಲ್ಲೇ," ಎಂದ ಮೆಲ್ಲಗೆ.

"ಅಂಗಡಿಯವರ ಮರ್ಯಾದೇನೂ ಹೋಯ್ತು. ಮೊದಲು ಅಲ್ಲಿಗೆ ಹೋಗಿ ಬನ್ನಿ," ಎಂದಳು ಅವಳು.

ಅವನು ಹೋಗಿ ತಪ್ಪಾಯಿತೆಂದು ಹೇಳಿ ಬಂದ. ಬಂದವನೇ ಸಿಮೆಂಟು ಒಡೆದ. ಒಂದಾದ ಮೇಲೊಂದು ಹೂವು ಇರುವಂತೆ ನೆಡಬೇಕೆಂದು ನರ್ಸಮ್ಮ ಹೇಳಿಕೊಟ್ಟಳು. ಬೇಗ ಹೂಬಿಡಲು ಸಾಸಿವೆ, ಸೂರ್ಯಕಾಂತಿ, ಕಾಮಕಸ್ತೂರಿ. ಮುಂದಕ್ಕೆ ನುಗ್ಗೆ ಕೊಂಬೆ, ಸೀಬೆ, ನಿಂಬೆ. ಕೊತ್ತಂಬರಿಯನ್ನು ಪೂರ್ತಿ ಕೀಳದೆ ನಾಲ್ಕು ಗಿಡ ಹೂವಿಗೆ ಬಿಟ್ಟರು. ಸಾಸಿವೆ ಅರಳಿದ ಬೆಳಿಗ್ಗೆ ಜೇನ್ನೊಣಗಳು ಗುಂಯ್‌ಗುಟ್ಟುತ್ತ ಬಂದವು. ಟೈಲರಕ್ಕನಿಗೆ ಸಂತೋಷವಾಯಿತು, ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ. ಹೆಮ್ಮರವಾಗಿದ್ದ ನುಗ್ಗೆ ಈಗ ಮೊಣಕಾಲೆತ್ತರದ ಕೊಂಬೆ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಇವತ್ತೇ ನಿಮ್ಮ ಹಿತ್ತಿಲಿಗೆ ಹೋಗಿ ಕಿವಿಗೊಟ್ಟು ನಿಲ್ಲಿ. ಜೇನ್ನೊಣದ ಸದ್ದಿಲ್ಲವೇ? ಜಾಗವಿದ್ದರೆ ನುಗ್ಗೆ, ಸೀಬೆ, ನಿಂಬೆ, ಬೇವು ನೆಡಿ. ಜಾಗವಿಲ್ಲದವರು ಹಳೆ ಡಬ್ಬದಲ್ಲಿ ಕಾಮಕಸ್ತೂರಿ ಬೆಳೆಸಿ. ಅರಳಿದ ಹೂವಿಗೆ ವಿಷ ಹೊಡೆಯಬೇಡಿ. ಹೂಬಿಡುವ ಮರವನ್ನು ಸುಮ್ಮಸುಮ್ಮನೆ ಕಡಿಯಲು ಬಂದವರು ನಿಮ್ಮ ತಟ್ಟೆಗೇ ಕೈ ಹಾಕುತ್ತಿದ್ದಾರೆ. ಮನೆಯವರೇ ಆಗಿರಲಿ, ಅಡ್ಡ ನಿಲ್ಲಿ.