ಭರಮಪ್ಪನ ಕುತ್ತಿಗೆ

ಖಾನಾಪುರದಲ್ಲಿ ಸಾತಪ್ಪನ ಕಟಿಂಗ್ ಅಂಗಡಿಗೆ ಹೋದವರು ಕೂದಲು ಕತ್ತರಿಸಿದ ಕೂಡಲೇ ಏಳುತ್ತಿರಲಿಲ್ಲ. ಅವನು ಗದ್ದ ಹಿಡಿದು ಕುತ್ತಿಗೆಯನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಲಟಕ್ಕೆಂದು ತಿರುಗಿಸಿದ ಮೇಲೆಯೇ ಅವರಿಗೆ ಸಮಾಧಾನ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಅವನ ಬಾಲ್ಯದ ಗೆಳೆಯ ಭರಮಪ್ಪನಿಗಂತೂ ಅದೊಂದು ಚಟವೇ ಆಗಿಹೋಗಿತ್ತು.

ಆ ರವಿವಾರ ಲಟಕ್ಕೆಂದದ್ದೇ ತಡ, ಭರಮಪ್ಪನ ಎರಡೂ ಕೈ ಜೋತುಬಿದ್ದವು.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಪದ್ಮಶ್ರೀ ಸ್ಕ್ಯಾನ್ ನೋಡಿದರು. ತಲೆಬುರುಡೆಯ ಬುಡದ ಎರಡು ಎಲುಬುಗಳು ಹುಟ್ಟಿನಿಂದಲೇ ಸಡಿಲವಾಗಿದ್ದವು. ಈಗ ಜಾರಿ ಬೆನ್ನುಹುರಿಯನ್ನು ಒತ್ತಿದ್ದವು. ಮಲಗಿಸಿ, ತಲೆಗೆ ತೂಕ ಕಟ್ಟಿ ಎಳೆದ ಮೇಲೆ ಭರಮಪ್ಪನ ಹೆಂಡತಿ ಸಾವಂತ್ರವ್ವನನ್ನು ಕರೆದು ಹೇಳಿದರು:

"ಎಲುಬು ಜಾಗಾಕ್ಕ ಬಂದೈತ್ರಿ. ಬರಲಿಲ್ಲಂದ್ರ ಬಾಯಿ ಒಳಗಿಂದ ಹೋಗಿ ಎಲುಬು ಕೆತ್ತಬೇಕಾಗ್ತಿತ್ತು. ಈಗ ಕುತ್ತಿಗಿ ಹಿಂದಿನಿಂದ ಹೋಗಿ ಸ್ಕ್ರೂ ಹಾಕಿದ್ರ ಸಾಕು. ಆದ್ರ ಜೀವಕ್ಕ ಭರೋಸಾ ಕೊಡಾಕ ಆಗಂಗಿಲ್ರಿ."

ಇತ್ತ ಸಾತಪ್ಪ ಅಂಗಡಿಗೆ ಬೀಗ ಜಡಿದು ಮನೆ ಹಿಡಿದಿದ್ದ. ಪಾಪ, ಆಸ್ಪತ್ರೆಯ ಕಡೆ ತಲೆ ಹಾಕುವ ಧೈರ್ಯವೇ ಅವನಿಗಿರಲಿಲ್ಲ. ಆಪರೇಶನ್ನಿನ ದಿನ ಬೆಳಿಗ್ಗೆ ಸಾವಂತ್ರವ್ವನ ಫೋನ್ ಬಂತು.

"ತಲಿ ಹಿಂದ ಬೋಳಿಸಬೇಕಂತ, ಅಣ್ಣಾ. ಇವ್ರು ಬ್ಯಾರೆ ಯಾರಿಗೂ ಮುಟ್ಟಗೊಡವಲ್ರು. ನಿಮ್ಮನ್ನ ಕರಿ ಅಂತ ಹಟ ಹಿಡದಾರ. ಲಗೂನ ಬರ್ರಿ."

ಬಸ್ಸು ಹಿಡಿದು ಬಂದ ಸಾತಪ್ಪನಿಗೆ ಡಾಕ್ಟರ್ ಕತ್ತಿ ತೆಗೆಯಲು ಬಿಡಲಿಲ್ಲ. ಆಸ್ಪತ್ರೆಯ ಕೂದಲು ಕತ್ತರಿಸುವ ಮಶೀನನ್ನೇ ಕೊಟ್ಟರು. ಭರಮಪ್ಪನನ್ನು ಮಗ್ಗುಲಾಗಿಸಿ, ಅವನ ತಲೆ ಅಲುಗದಂತೆ ತಾವೇ ಎರಡೂ ಕೈಯಿಂದ ಹಿಡಿದು ನಿಂತರು. ಊರಿನ ಕುತ್ತಿಗೆಗಳನ್ನೆಲ್ಲ ಆಡಿಸಿದ ಸಾತಪ್ಪ ಈ ಕುತ್ತಿಗೆಗೆ ಮಶೀನು ತಾಗಿಸಲಾರದೆ ನಿಂತ.

"ಭರಮಾ, ನಿನಗ ಹಿಂಗ ಮಾಡಿದಾಂವ ನಾನ," ಎಂದು ಬಿಕ್ಕಿದ.

"ಹುಟ್ಟಿದಾಗಿಂದ ಎಲುಬ ಹಂಗ ಇತ್ತಂತ. ಡಾಕ್ಟರ್ ಹೇಳ್ಯಾರ. ಆದ್ರ ನೀ ನಂಬಾಂವ ಅಲ್ಲ, ಅದೂ ಗೊತ್ತೈತಿ."

"ಮತ್ತ ನನ್ನ ಯಾಕ ಕರಿಸಿದಿ? ಇಲ್ಲಿ ಬೋಳಸಾಕ ಮಂದಿ ಇರಲಿಲ್ಲೇನು?"

ಭರಮಪ್ಪನ ಮುಖ ಗೋಡೆಯ ಕಡೆಗಿತ್ತು.

"ಒಳಗ ಹೋದಾಂವ ನಾ ಹೊಳ್ಳಿ ಬರಲಿಲ್ಲಂದ್ರ, ನೀ ನನ್ನ ಕಡೀಕ ಮುಟ್ಟಿದ್ದು ಆ ರವಿವಾರ ಆಗಿ ಉಳೀತೈತಿ. ಅದನ್ನ ಹೊತಗೊಂಡು ನೀ ಹೆಂಗ ಬದುಕತಿ? ಅದಕ್ಕ ಕರಿಸೀನಿ. ಬೋಳಸು ದೋಸ್ತ, ನಿಧಾನಕ ಬೋಳಸು."