ಸಿಟ್ಟಿನ ಹೆದರಿಕೆ

ಜಾನೆಟ್ ಮೇಡಂ ಬದುಕಿದ್ದಾರೋ ಇಲ್ಲವೋ ಎಂದು ನೋಡಲಿಕ್ಕೇ ಯಶ್ಮಿತಾ ಅಂದು ಉರ್ವದ ಆ ಮಹಡಿ ಹತ್ತಿದ್ದು. ಬಾಗಿಲು ತೆರೆದು ಅವರು ನಕ್ಕಾಗ ಹೋದ ಜೀವ ಬಂದಂತಾಯಿತು.

ಮೇಡಂ ಮನಸ್ಸಿನ ಚಿಕಿತ್ಸೆ ಮಾಡುವವರು. ಮಾತ್ರೆ ಕೊಡುವುದಿಲ್ಲ, ಬುದ್ಧಿ ಹೇಳುವುದಂತೂ ಇಲ್ಲವೇ ಇಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು, ಅವರು ಕೇಳುತ್ತಾರೆ. "ಇದು ಎಂತ ಮದ್ದು ಮಾರಾಯ್ತಿ!" ಎಂದು ತಾಯಿ ಅಮ್ಮಣಿ ಗೊಣಗುತ್ತಿದ್ದರು. ಆದರೆ ಮಗಳು ಯಾರಿಗಾದರೂ 'ಆಗುವುದಿಲ್ಲ' ಎನ್ನಹೊರಟರೆ ಗಂಟಲು ಕಟ್ಟಿ ಉಸಿರೇ ಸಿಗುತ್ತಿರಲಿಲ್ಲ. ಕೊಟ್ಟಾರದ ಆಫೀಸಿನಲ್ಲಿ ಎಲ್ಲರ ಕೆಲಸವೂ ಅವಳ ತಲೆಗೇ. ಗಂಟಲಿನ ಡಾಕ್ಟರು ಏನೂ ಇಲ್ಲವೆಂದು ಕೈತೊಳೆದುಕೊಂಡಿದ್ದರು.

ಮೇಡಂ ಎರಡು ವಾರ ರಜೆ ಎಂದಾಗ ಯಶ್ಮಿತಾಳಿಗೆ ಮೈಯೆಲ್ಲ ಉರಿದಿತ್ತು. ಮರುಗಳಿಗೆಯೇ ಹೆದರಿಕೆ. ಅಂದಿನಿಂದ ದಿನಾ ಬೆಳಿಗ್ಗೆ ಪೇಪರಿನ ನಿಧನ ವಾರ್ತೆಗಳಲ್ಲಿ ಅವರ ಹೆಸರು ಹುಡುಕುತ್ತಿದ್ದಳು.

ಈಗ ಅವರೆದುರು ಕುರ್ಚಿಯಲ್ಲಿ ಕೂತು ಹೇಳಿದಳು: "ಇನ್ನು ನಾನು ಬರುದಿಲ್ಲ ಮೇಡಂ. ನಿಮಗೇ ಒಳ್ಳೇದು."

"ನೀವು ಬಂದ್ರೆ ನನಗೆ ಎಂತ ಆಗ್ತದೆ?"

ಯಾರಿಗೂ ಹೇಳದ್ದನ್ನು ಯಶ್ಮಿತಾ ಅಂದು ನೆಲ ನೋಡುತ್ತ ಹೇಳಿದಳು.

ಅಪ್ಪ ಮಸ್ಕತ್ತಿಗೆ ಹೊರಟಾಗ ಅವಳಿಗೆ ಏಳು ವರ್ಷ. "ಹೋಗಿ ಬರ್ತೇನೆ ಮಗಾ" ಎಂದರು. ಹೊಸ್ತಿಲಲ್ಲಿ ನಿಂತು ಬರಿದೇ 'ಹೋಗ್ತೇನೆ' ಎಂದರೆ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಅಂಥ ಹೊಸ್ತಿಲಲ್ಲೇ ಹುಡುಗಿ ಸಿಟ್ಟಿನಿಂದ ಕಿರುಚಿದಳು: "ಹೋಗಿ, ಬರೋದು ಬೇಡ!" ಅಪ್ಪ ಬಂದದ್ದು ಪೆಟ್ಟಿಗೆಯಲ್ಲಿ. ದೊಡ್ಡವರು ಹೃದಯಾಘಾತ ಎಂದರು. ಮಗುವಿಗೆ ತನ್ನ ಮಾತೇ ಕೊಂದಿತೆಂದು ಖಾತ್ರಿಯಾಗಿತ್ತು.

"ಈಗ ನನ್ನ ಮೇಲೂ ಸಿಟ್ಟು ಉಂಟು. ಹಾಗಾಗಿ ನಾನೂ ಸಾಯ್ತೇನೆ ಅಂತ ಹೆದರಿಕೆ, ಅಲ್ವಾ?" ಮೇಡಂ ಮೆಲ್ಲಗೆ ಕೇಳಿದರು. "ಅಪ್ಪನ ಜಾಗದಲ್ಲಿ ಈಗ ನಾನು ಕೂತಿದ್ದೇನೆ ಯಶ್ಮಿತಾ. ನೀವು ಓಡಿಹೋದ್ರೆ ಆ ಹೆದರಿಕೆ ಹಾಗೇ ಉಳೀತದೆ. ಇಲ್ಲೇ ಹೇಳಿ, ನೋಡುವ."

ಅವಳು ಕುರ್ಚಿಯ ಕೈ ಬಿಗಿಹಿಡಿದಳು. ಗಂಟಲು ಕಟ್ಟಿತು. ಮೇಡಂ ಕಾದರು.

"ನಿಮ್ಮ ಮೇಲೆ ಸಿಟ್ಟು ಉಂಟು. ನನ್ನನ್ನು ಬಿಟ್ಟು ಹೋದಿರಿ."

ಮೇಡಂ ಕೆಮ್ಮಿದರು. ಮತ್ತೆ ಕೆಮ್ಮಿದರು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು. ಯಶ್ಮಿತಾ ದಡಕ್ಕನೆ ಎದ್ದು ನಿಂತಳು. 'ಸುಳ್ಳು ಹೇಳಿದೆ ಮೇಡಂ, ಸಿಟ್ಟು ಇಲ್ಲ' ಎನ್ನಲು ಬಾಯಿ ತೆರೆದಳು.

ಮೇಡಂ ಕೂರುವಂತೆ ಕೈಸನ್ನೆ ಮಾಡಿ ನೀರು ಕುಡಿದರು.

"ಧೂಳು. ಎರಡು ವಾರ ರೂಮು ಗುಡಿಸ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು. "ನಾನು ಇಲ್ಲೇ ಇದ್ದೇನೆ. ಸಿಟ್ಟು ಮುಗೀತಾ?"

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು.

"ಇಲ್ಲ," ಎಂದಳು. "ಇನ್ನೂ ತುಂಬಾ ಉಂಟು."